ಕಬ್ಬಿಗೆ ಬೆಂಕಿ: ನಂಬಿಕೆ ಎಷ್ಟು, ನಿಜ ಎಷ್ಟು?

ಕಟಾವಿನ ಕಾಲದಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಹೊಲಗಳಲ್ಲಿ ಹೊಗೆ ಏಳುವುದು ಹೊಸದೇನಲ್ಲ. ಕೆಲವರು ನಿಂತ ಕಬ್ಬಿಗೇ ಬೆಂಕಿ ಹಾಕಿಸುತ್ತಾರೆ, ಹಲವರು ಕಡಿದ ಮೇಲೆ ಉಳಿದ ಒಣ ಗರಿಗೆ, ಅಂದರೆ ರವದಿಗೆ.

‘ಬೆಂಕಿ ತಗುಲಿದರೆ ರಸ ಗಟ್ಟಿಯಾಗಿ ಸಕ್ಕರೆ ಇಳುವರಿ ಏರುತ್ತದೆ’ ಎಂಬ ಮಾತು ಅರ್ಧ ಸತ್ಯ. ಕಬ್ಬಿನ ನೀರು ಆರುವುದರಿಂದ ರಸ ಗಟ್ಟಿ ಎನಿಸುತ್ತದೆ, ಹೊಸದಾಗಿ ಸಕ್ಕರೆ ಹುಟ್ಟುವುದಿಲ್ಲ. ಇಳಿಯುವುದು ತೂಕ. ಟನ್ ಲೆಕ್ಕದಲ್ಲಿ ಮಾರುವ ರೈತನಿಗೆ ಅದು ನೇರ ನಷ್ಟ. ಶಾಖಕ್ಕೆ ಸಿಪ್ಪೆ ಬಿರುಕು ಬಿಟ್ಟ ಕಡೆ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹೊಕ್ಕು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟಾಗಿ ಮಾರ್ಪಡಿಸುತ್ತದೆ. ಅರೆಯುವುದು ತಡವಾದಷ್ಟೂ ಈ ಅಂಟು ಹೆಚ್ಚಿ, ರಸ ಸೋಸುವುದಕ್ಕೂ ಸಕ್ಕರೆ ಹರಳುಗಟ್ಟುವುದಕ್ಕೂ ಅಡ್ಡಿಯಾಗುತ್ತದೆ. ಸುಟ್ಟ ಕಬ್ಬಿಗೆ ಕಾರ್ಖಾನೆಗಳು ಹಣ ಕಡಿತ ಮಾಡುವುದು ಸುಮ್ಮನೆ ಅಲ್ಲ. ದನಗಳಿಗೆ ಮೇವಾಗುವ ಹಸಿ ಸೋಗೆಯೂ ಹೋಗುತ್ತದೆ.

ಹಾಗಿದ್ದೂ ಏಕೆ ಸುಡುತ್ತಾರೆ? ಕಬ್ಬು ಕಡಿಯುವ ಗ್ಯಾಂಗಿನವರ ಕೂಲಿಯೂ ಟನ್ ಲೆಕ್ಕದ್ದೇ. ಒಣ ಗರಿ ಸುಲಿಯುವ ಕೆಲಸ ತಪ್ಪಿದರೆ ದಿನಕ್ಕೆ ಹೆಚ್ಚು ಕಡಿಯಬಹುದು; ಗರಿಯ ಅಂಚು ಮೈ ಗೀರುವುದಿಲ್ಲ, ಹಾವಿನ ಭಯ ಕಡಿಮೆ. ಈ ಕಷ್ಟವನ್ನು ಹಗುರವಾಗಿ ಕಾಣಬಾರದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಲಿಯ ಮೂತ್ರದಿಂದ ಹರಡುವ ವೀಲ್ಸ್ ಕಾಯಿಲೆಗೆ ಅಂಜಿದ ಕಾರ್ಮಿಕರು 1935ರಲ್ಲಿ ಮುಷ್ಕರ ಹೂಡಿ, ಸುಟ್ಟ ಮೇಲೆಯೇ ಕಡಿಯುತ್ತೇವೆ ಎಂದು ಪಟ್ಟು ಹಿಡಿದಿದ್ದರು. ಬೆಂಕಿ ಬಂದದ್ದು ಕಬ್ಬಿನ ಒಳಿತಿಗಲ್ಲ, ಕಡಿಯುವವರ ಕಷ್ಟಕ್ಕೆ ಸಿಕ್ಕ ಅಗ್ಗದ ಪರಿಹಾರವಾಗಿ.

‘ರವದಿ ಸುಟ್ಟ ಬೂದಿಯೇ ಗೊಬ್ಬರ, ಹುಳವೂ ಸಾಯುತ್ತದೆ’ ಎಂಬುದು ಇನ್ನೊಂದು ನಂಬಿಕೆ. ಗಾಳಿಗೆ ಹಾರದಿದ್ದರೆ ಬೂದಿಯಲ್ಲಿ ಪೊಟ್ಯಾಷ್ ಉಳಿದೀತು. ಸಾರಜನಕ ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ಎಕರೆಗೆ ಸುಮಾರು 3–4 ಟನ್ ಬರುವ ರವದಿಯನ್ನು ಮಣ್ಣಿಗೆ ಹೊದಿಸಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಎಳೆ ಸುಳಿ ಕೊರೆಯುವ ಹುಳುವಿನ ಕಾಟವೂ ಇಳಿಯುತ್ತದೆ. ತೊಡಕುಗಳೂ ಇವೆ. ಸಾಲಿನಲ್ಲಿ ನೀರು ಹಾಯಿಸುವ ಹೊಲದಲ್ಲಿ ರವದಿ ನೀರನ್ನು ತಡೆಯುತ್ತದೆ. ಕ್ವೀನ್ಸ್‌ಲ್ಯಾಂಡಿನ ಬರ್ಡೆಕಿನ್‌ನಲ್ಲಿ ಇಂದಿಗೂ ಸುಡಲು ಇದೊಂದು ಮುಖ್ಯ ಕಾರಣ. ನಮ್ಮಲ್ಲಿ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ನೀರಿಗೆ ದಾರಿ ಸಿಗುತ್ತದೆ. ಕೊಳೆಯುವಾಗ ರವದಿ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಮೇಲೆ ಸ್ವಲ್ಪ ಯೂರಿಯಾ ಬೇಕು.

‘ಕಟಾವು ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ’ ಎನ್ನುವವರೂ ಇದ್ದಾರೆ. ಯಂತ್ರ ಸುಡದೆ ಕಡಿದು, ರವದಿಯನ್ನು ಹೊಲದಲ್ಲೇ ಹರಡುತ್ತದೆ, ನಿಜ. ಆದರೆ ಅದಕ್ಕೆ ಅಗಲ ಸಾಲು ಬೇಕು, ಹಸಿ ಕಪ್ಪು ಮಣ್ಣಿನಲ್ಲಿ ಅದರ ಭಾರಕ್ಕೆ ನೆಲ ಗಟ್ಟಿಯಾಗಿ ಕೂಳೆ ಸೊರಗುತ್ತದೆ. ತುಂಡು ಕಬ್ಬು ಇಡೀ ಜಲ್ಲೆಗಿಂತ ಬೇಗ ಹುಳಿಯುತ್ತದೆ.

ಆದ್ದರಿಂದ ಗ್ಯಾಂಗಿನೊಂದಿಗೆ ಮಾತಾಡುವಾಗ ಸುಡದೆ ಕಡಿಯುವುದಕ್ಕೆ ಟನ್ನಿಗೆ ಇಷ್ಟು ಹೆಚ್ಚು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಆ ಹೆಚ್ಚುವರಿಯಲ್ಲಿ ಕಾರ್ಖಾನೆಯೂ ಪಾಲು ಕೊಡಬೇಕು. ಶುದ್ಧ ಕಬ್ಬಿನ ಲಾಭ ಅದಕ್ಕೂ ಇದೆ.