ದಿಂಬಿನಂಥ ಕಲ್ಲು ಕಲಿಸಿದ ಪಾಠ

ಜಪಾನಿನ ಫ್ಯೂಜಿ ಪರ್ವತದ ಚಿತ್ರ ನೋಡಿದ ಮಗಳು, "ಅಬ್ಬಾ, ತಲೆ ಮೇಲೆ ಹಿಮ, ಹೊಟ್ಟೆಯೊಳಗೆ ಬೆಂಕಿ! ನಮ್ಮನ್ನೂ ಕರ್ಕೊಂಡು ಹೋಗ್ರಿ" ಎಂದಳು. 3,776 ಮೀಟರ್ ಎತ್ತರದ ಆ ಜ್ವಾಲಾಮುಖಿ ಕೊನೆಯ ಬಾರಿ ಸಿಡಿದದ್ದು 1707ರಲ್ಲಿ. ಭಾರತದಲ್ಲಿ ಇಂದಿಗೂ ಜೀವಂತವಾಗಿರುವುದು ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪದ ಜ್ವಾಲಾಮುಖಿ ಒಂದೇ. ಶಿಕ್ಷಕನ ಸಂಬಳಕ್ಕೆ ಎರಡೂ ದೂರವೇ.

ಆದರೆ ಬೆಂಕಿಯ ಗುರುತು ಹತ್ತಿರದಲ್ಲೇ ಇತ್ತು. ಒಂದು ಭಾನುವಾರ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ನೀಲಗುಂದದಿಂದ ಹೊರಟೆವು. ಹರಪನಹಳ್ಳಿ, ದಾವಣಗೆರೆ, ಚಿತ್ರದುರ್ಗ ದಾಟಿ ಮರಡಿಹಳ್ಳಿ ತಲುಪಿದೆವು. "ಈ ಕಲ್ಲು ನೋಡಾಕ ಇಷ್ಟು ದೂರ ಬಂದ್ವಾ?" ಎಂದು ನನ್ನ ತಾಯಿ ಬೇಸರಿಸಿದರು. ಮಗಳ ಮುಖವೂ ಬಾಡಿತು.

ಎಲ್ಲರನ್ನೂ ಬಂಡೆಯ ಪಕ್ಕ ಕೂರಿಸಿ ವಿವರಿಸಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು. ನೀರಿನಡಿ ಉಕ್ಕಿದ ಲಾವಾದ ಹೊರಮೈ ತಣ್ಣೀರು ತಾಗಿದೊಡನೆ ಗಟ್ಟಿಯಾಗುತ್ತಿತ್ತು. ಒಳಗಿನ ಬಿಸಿ ದ್ರವ ಅದನ್ನು ಉಬ್ಬಿಸುತ್ತಿತ್ತು. ಹೀಗೆ ಒಂದರ ಮೇಲೊಂದು ದಿಂಬುಗಳಂತೆ ಕುಳಿತವು. ಅದಕ್ಕೇ ಇದು ದಿಂಬು ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಅಷ್ಟರಲ್ಲಿ ಮಗ ನೆನಪಿಗೆಂದು ಚೂರು ಒಡೆಯಲು ಕಲ್ಲೆತ್ತಿದ. ಅವನ ಕೈ ಹಿಡಿದದ್ದು ನಾನಲ್ಲ, ನನ್ನ ತಾಯಿ. "ಬೇಡ ಬೇಟಾ, ನಾಳೆ ನಿನ್ನ ಮಕ್ಕಳೂ ನೋಡಬೇಕಲ್ಲ" ಎಂದರು.

ಮರಳುವಾಗ ಮಗಳು, "ಕಲ್ಲಿನ ವಿದ್ಯೆ ಕಲಿಯಾಕ ಏನು ಓದಬೇಕು?" ಎಂದಳು. "ಮೊದಲು ಪಿಯುಸಿ ವಿಜ್ಞಾನ" ಎಂದೆ. ಹತ್ತನೆಯ ತರಗತಿ ಮುಗಿದರೆ ಮದುವೆ ಎನ್ನುತ್ತಿದ್ದ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಲಿ ಬಿಡು" ಎಂದರು.

ಓದುಗರೇ, ಮಕ್ಕಳ ಪ್ರಶ್ನೆಗೆ ರಜೆಯ ಒಂದು ದಿನ ಕೊಡಿ. ಉತ್ತರ ನಿಮ್ಮೂರಿನ ಸಮೀಪವೇ ಇದ್ದೀತು.