ಮದರ್‌ಬೋರ್ಡಿನಲ್ಲಿ ವಿದ್ಯುತ್ತು ಎಲ್ಲಿ ನಿಂತಿತು?

ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ನೀರು ಕಾಲುವೆಗಳ ಮೂಲಕ ನವಲಗುಂದ, ನರಗುಂದ, ರೋಣ ಸೀಮೆಗಳ ಎರೆಹೊಲಗಳತ್ತ ಹರಿಯುವುದು. ರೋಣ ತಾಲ್ಲೂಕಿನ ಯಾವಗಲ್ ಗ್ರಾಮದ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಯ ಹೊಲಕ್ಕೆ ನೀರು ಬಾರದಿದ್ದಾಗ ರೈತನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವನು. ಮೇಲಿನ ತೂಬನ್ನು ಯಾರೂ ತೆರೆದೇ ಇಲ್ಲವೋ? ಅಥವಾ ತೂಬು ತೆರೆದಿದ್ದರೂ ನಡುವೆ ಏರಿ ಒಡೆದು ನೀರು ಹಳ್ಳದ ಪಾಲಾಗುತ್ತಿದೆಯೋ? ಇವೆರಡನ್ನು ಬೇರ್ಪಡಿಸಿ ಕೇಳಬಲ್ಲವನಿಗೆ, ಸತ್ತಂತೆ ಬಿದ್ದಿರುವ ಲ್ಯಾಪ್‌ಟಾಪಿನ ರೋಗವನ್ನು ಹುಡುಕುವ ರೀತಿಯೂ ಅರ್ಥವಾಗುವುದು.

ಗುಂಡಿ ಒತ್ತಿದರೂ ದೀಪ ಹತ್ತದ ಯಂತ್ರವನ್ನು ಪೇಟೆಗೆ ಒಯ್ದಾಗ "ಬೋರ್ಡು ಹೋಗಿದೆ, ಹೊಸದನ್ನೇ ಹಾಕಬೇಕು" ಎಂಬ ಉತ್ತರ ಅನೇಕರಿಗೆ ದೊರೆತಿರಬಹುದು. ಇದು ರೋಗನಿರ್ಣಯವಲ್ಲ, ರೋಗಿಯು ಏಳುತ್ತಿಲ್ಲವೆಂಬ ವರ್ತಮಾನ ಮಾತ್ರ. ಹೊಸ ಬೋರ್ಡಿನ ಬೆಲೆ ಹಳೆಯ ಯಂತ್ರದ ಬೆಲೆಯನ್ನೇ ಮುಟ್ಟಬಹುದು. ಇನ್ನೂ ದೊಡ್ಡ ನಷ್ಟವೊಂದುಂಟು. ತೆಳ್ಳಗಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಸ್ಮೃತಿಭಂಡಾರವನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥಲ್ಲಿ ಬೋರ್ಡನ್ನು ಬಿಸಾಡಿದರೆ ವಿದ್ಯಾರ್ಥಿಯ ಮೂರು ವರ್ಷಗಳ ಟಿಪ್ಪಣಿಗಳೂ ಪ್ರಬಂಧವೂ ಅದರೊಡನೆಯೇ ಹೋಗುವುವು. ತಪ್ಪಿತಸ್ಥನೋ, ಹಲವೊಮ್ಮೆ ಜೋಳದ ಕಾಳಿಗಿಂತಲೂ ಚಿಕ್ಕದಾದ ಒಂದು ಬಿಡಿಭಾಗ!

ಬೋರ್ಡಿನೊಳಗೆ ವಿದ್ಯುತ್ತು ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಅಡಾಪ್ಟರಿನಿಂದ ಸಾಮಾನ್ಯವಾಗಿ ೧೯ ಅಥವಾ ೨೦ ವೋಲ್ಟುಗಳು ಬರುತ್ತವೆ. ಪ್ರೊಸೆಸರಿಗೆ ಬೇಕಾದುದು ಒಂದು ವೋಲ್ಟಿನ ಆಸುಪಾಸು. ಹಾಗಾದರೆ ಅಡಾಪ್ಟರೇ ಒಂದು ವೋಲ್ಟನ್ನು ಕೊಡಬಾರದೇಕೆ? ೧೫ ವಾಟು ಶಕ್ತಿಯನ್ನು ೦.೯ ವೋಲ್ಟಿನಲ್ಲಿ ಒಯ್ಯಬೇಕಾದರೆ ಸುಮಾರು ೧೭ ಆಂಪೇರು ಪ್ರವಾಹ ಹರಿಯಬೇಕು. ೧೯ ವೋಲ್ಟಿನಲ್ಲಾದರೆ ಒಂದು ಆಂಪೇರೂ ಬೇಡ. ತಂತಿಯಲ್ಲಿ ವ್ಯರ್ಥವಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಅಷ್ಟು ದೂರ ಸಾಗಿಸಿದಾಗಲೂ ಇದೇ ಕಾರಣದಿಂದ ಅಧಿಕ ವೋಲ್ಟೇಜಿನಲ್ಲಿ ಒಯ್ದು, ಗಣಿಯ ಬಳಿ ಇಳಿಸಿಕೊಂಡರು. ಅಂಗೈಯಗಲದ ಬೋರ್ಡಿನಲ್ಲಿಯೂ ನಿಯಮ ಬದಲಾಗದು.

ಆದುದರಿಂದ ೧೯ ವೋಲ್ಟಿನ ಮುಖ್ಯ ಲೈನಿನಿಂದ ಹಲವು ಕವಲುಗಳು ಒಡೆಯುತ್ತವೆ: ೫ ವೋಲ್ಟು, ೩.೩ ವೋಲ್ಟು, ಡಿಡಿಆರ್-೪ ಸ್ಮೃತಿಗೆ ೧.೨ ವೋಲ್ಟು, ಕೊನೆಗೆ ಪ್ರೊಸೆಸರಿನ ಲೈನು. ಪ್ರತಿಯೊಂದು ಕವಲಿನ ಬಾಯಲ್ಲಿಯೂ ಎರಡು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತಿರುತ್ತವೆ. ಅವುಗಳ ಮುಂದಿರುವ ಕಾಯಿಲು ಮತ್ತು ಕೆಪ್ಯಾಸಿಟರುಗಳು ಆ ಬಡಿತವನ್ನು ಸಮವಾದ ಪ್ರವಾಹವನ್ನಾಗಿ ಮಾಡುತ್ತವೆ. ಈ ಕವಲುಗಳೆಲ್ಲ ಒಮ್ಮೆಗೇ ಏಳುವುದಿಲ್ಲ. ಸದಾ ಎಚ್ಚರವಿರುವ ೩.೩ ಮತ್ತು ೫ ವೋಲ್ಟುಗಳು ಮೊದಲು. ಗುಂಡಿ ಒತ್ತಿದ ಮೇಲೆ ಉಳಿದವು ಒಂದರ ಹಿಂದೊಂದು. ಒಂದು ಹಂತವು "ನಾನು ಸರಿಯಾಗಿದ್ದೇನೆ" ಎಂದು ಸೂಚನೆಯಿತ್ತ ಮೇಲೆಯೇ ಮುಂದಿನದಕ್ಕೆ ಅಪ್ಪಣೆ.

ಪರೀಕ್ಷೆಯ ಮೊದಲ ಭಾಗವನ್ನು ವಿದ್ಯುತ್ತಿಲ್ಲದೆಯೇ ನಡೆಸತಕ್ಕದ್ದು. ಅಡಾಪ್ಟರನ್ನೂ ಬ್ಯಾಟರಿಯನ್ನೂ ಬಿಡಿಸಿ, ಮಲ್ಟಿಮೀಟರನ್ನು ಓಮಿನ ಮಾನಕ್ಕಿಟ್ಟು, ಒಂದೊಂದು ಕಾಯಿಲಿನಿಂದಲೂ ಗ್ರೌಂಡಿಗೆ ಎಷ್ಟು ರೋಧವಿದೆಯೆಂದು ಅಳೆಯಬೇಕು. ಮುಖ್ಯ ಲೈನಿನಲ್ಲಿ ಸಾವಿರಾರು ಓಮುಗಳಿರಬೇಕಾದಲ್ಲಿ ಒಂದು ಓಮಿಗಿಂತ ಕಡಿಮೆ ತೋರಿದರೆ ಅಲ್ಲಿ ಏರಿ ಒಡೆದಿದೆ. ಅಂದರೆ ಶಾರ್ಟ್ ಆಗಿದೆ. ಹೊಸಬರು ಎಡವುವ ಸ್ಥಳ ಇನ್ನೊಂದು. ಪ್ರೊಸೆಸರಿನ ಲೈನಿನಲ್ಲಿ ಕೆಲವೇ ಓಮುಗಳು, ಒಮ್ಮೊಮ್ಮೆ ಅದಕ್ಕೂ ಕಡಿಮೆ ಇರುವುದು ಸಹಜವೇ. ಅದನ್ನು ಕಂಡು ಗಾಬರಿಯಾಗಿ ಪ್ರೊಸೆಸರು ಸತ್ತಿತೆಂದು ತೀರ್ಮಾನಿಸಕೂಡದು.

ಶಾರ್ಟ್ ಆಗಲು ಪ್ರಮುಖ ಕಾರಣ ಪಿಂಗಾಣಿಯ ಕೆಪ್ಯಾಸಿಟರು. ಅದರೊಳಗೆ ಲೋಹದ ತೆಳುಪದರಗಳು ನಿರೋಧಕ ಪದರಗಳಿಂದ ಬೇರ್ಪಟ್ಟು ಒಂದರ ಮೇಲೊಂದು ಇರುತ್ತವೆ. ಯಂತ್ರ ಬಿದ್ದಾಗ ಅಥವಾ ಬೋರ್ಡು ಬಾಗಿದಾಗ ಪಿಂಗಾಣಿ ಬಿರಿದು, ಪದರಗಳು ಕೂಡಿಕೊಳ್ಳಬಹುದು. ಒಂದೇ ಲೈನಿಗೆ ಇಂಥ ಹತ್ತಾರು ಕೆಪ್ಯಾಸಿಟರುಗಳು ಸಮಾಂತರವಾಗಿ ಜೋಡಿಸಲ್ಪಟ್ಟಿರುವುದರಿಂದ ಮೀಟರನ್ನು ಯಾವುದರ ಮೇಲಿಟ್ಟರೂ ಒಂದೇ ಉತ್ತರ! ಕಳ್ಳನನ್ನು ಗುರುತಿಸುವ ಬಗೆ ಹೇಗೆ?

ಇಲ್ಲಿ ಜೂಲನ ನಿಯಮವು ಪತ್ತೇದಾರನ ಕೆಲಸ ಮಾಡುವುದು. ಪ್ರವಾಹಕ್ಕೆ ಮಿತಿ ಕಟ್ಟಬಲ್ಲ ಪವರ್ ಸಪ್ಲೈಯಿಂದ ಮುಖ್ಯ ಲೈನಿಗೆ ಒಂದು ವೋಲ್ಟನ್ನು ಮಾತ್ರ ಕೊಟ್ಟು, ಪ್ರವಾಹವನ್ನು ೩ ಆಂಪೇರಿಗೆ ತಡೆದರೆ, ೦.೨ ಓಮಿನ ಶಾರ್ಟಿನಲ್ಲಿ ೧.೮ ವಾಟು ಶಾಖ ಹುಟ್ಟುವುದು. ಸಾಸಿವೆಯಷ್ಟು ದೊಡ್ಡ ವಸ್ತುವಿಗೆ ಅದು ಸುಡುವ ಬೆಂಕಿಯೇ ಸರಿ. ಮೊದಲೇ ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳುವಾಗಿ ಸವರಿದ್ದರೆ, ದೋಷವಿರುವ ಕೆಪ್ಯಾಸಿಟರಿನ ಮೇಲೆ ಅದು ಎಲ್ಲಕ್ಕಿಂತ ಮುಂಚೆ ಆರುವುದು. ಶಾಖದರ್ಶಕ ಕ್ಯಾಮೆರಾ ಇದ್ದರೆ ಕೆಲಸ ಇನ್ನೂ ಸುಲಭ, ಇಲ್ಲದವರು ಕೊರಗಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ಪ್ರೊಸೆಸರಿನ ಕವಲಿನ ಮೇಲಿನ ಟ್ರಾನ್ಸಿಸ್ಟರು ಸುಟ್ಟು ಒಳಗೊಳಗೇ ಕೂಡಿಕೊಂಡಿದ್ದರೆ, ಮುಖ್ಯ ಲೈನಿಗೆ ಕೊಟ್ಟದ್ದೆಲ್ಲ ನೇರವಾಗಿ ಪ್ರೊಸೆಸರಿಗೇ ಹೋಗುವುದು. ಆದ್ದರಿಂದ ಮುಖ್ಯ ಲೈನಿಗೂ ಪ್ರೊಸೆಸರಿನ ಕಾಯಿಲಿಗೂ ನಡುವೆ ಇರುವ ರೋಧವನ್ನು ಅಳೆಯದೆ ಹೊರಗಿನಿಂದ ವಿದ್ಯುತ್ತನ್ನು ಕೊಡಲೇಬಾರದು. ಬೇರೆ ಯಾವ ಲೈನಿಗೇ ಆಗಲಿ ಅದರ ನಿಯತ ವೋಲ್ಟೇಜನ್ನು ಮೀರಿ ಕೊಡಲಾಗದು. ಬದುಕಿದ್ದ ಬೋರ್ಡನ್ನು ಚಿಕಿತ್ಸೆಯೇ ಕೊಲ್ಲುವುದು ಇಂಥ ಅವಸರದಿಂದ.

ಎಲ್ಲಿಯೂ ಶಾರ್ಟ್ ಇಲ್ಲದಿದ್ದರೆ ಪ್ರಶ್ನೆ ತೂಬಿನದು. ಈಗ ಅಡಾಪ್ಟರನ್ನು ಜೋಡಿಸಿ, ಮೇಲಿನಿಂದ ಕೆಳಕ್ಕೆ ಕ್ರಮವಾಗಿ ವೋಲ್ಟೇಜನ್ನು ಅಳೆಯುತ್ತ ಬರಬೇಕು. ೩.೩ ವೋಲ್ಟು ಕಾಣಿಸಲಿಲ್ಲವೆನ್ನೋಣ. ಅದನ್ನು ಆಳುವ ಚಿಪ್ಪಿಗೆ ಪೂರೈಕೆ ಬಂದಿದೆಯೇ? ಏಳುವ ಅಪ್ಪಣೆ ಬಂದಿದೆಯೇ? ಎರಡೂ ಬಂದು ಫಲ ಬಾರದಿದ್ದರೆ ದೋಷ ಆ ಹಂತದ್ದು. ಅಪ್ಪಣೆಯೇ ಬಾರದಿದ್ದರೆ ಆ ಚಿಪ್ಪನ್ನು ಕಿತ್ತು ಹೊಸದನ್ನು ಬೆಸೆಯುವುದು ವ್ಯರ್ಥಶ್ರಮ. ಹಿಂದಿನ ಹಂತಕ್ಕೆ ಹೋಗಬೇಕು. ಒದ್ದೆಯಾಗಿದ್ದ ಯಂತ್ರಗಳಲ್ಲಿ ಈ ಅಪ್ಪಣೆಯ ಕೂದಲೆಳೆಯಂಥ ತಂತುಗಳೇ ತುಕ್ಕು ತಿಂದು ತುಂಡಾಗಿರುವುದುಂಟು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆಯನ್ನು ಕಂಡ ಈ ಸೀಮೆಯವರು ಇದನ್ನು ನೆನಪಿಡುವುದು ಲೇಸು: ನೀರು ಹೊಕ್ಕ ಯಂತ್ರವನ್ನು "ಒಣಗಿದೆಯೇ ನೋಡೋಣ" ಎಂದು ಚಾಲೂ ಮಾಡಕೂಡದು. ತೇವವಿದ್ದಲ್ಲಿ ವಿದ್ಯುತ್ತು ಹರಿದರೆ ತಾಮ್ರವು ಬಹು ಬೇಗ ಕರಗಿಹೋಗುವುದು.

ಬಿಸಿಯಾದ ಕೆಪ್ಯಾಸಿಟರನ್ನು ತೆಗೆದು ಮತ್ತೆ ಅಳೆದಾಗ ರೋಧವು ಸಹಜಸ್ಥಿತಿಗೆ ಬಂದರೆ, ಅದೇ ಮೌಲ್ಯದ ಬೇರೊಂದನ್ನು ಕೂರಿಸಿ ಯಂತ್ರವನ್ನು ಎಬ್ಬಿಸಬಹುದು. ಕೆಪ್ಯಾಸಿಟರುಗಳೆಲ್ಲ ತಣ್ಣಗಿದ್ದು, ಪ್ರೊಸೆಸರಿನ ಚಿಪ್ಪೇ ಬಿಸಿಯಾಗುತ್ತ ಬಂದರೆ ಶಾರ್ಟ್ ಇರುವುದು ಬಹುಶಃ ಅದರೊಳಗೇ. ಅಂಥ ಚಿಪ್ಪನ್ನು ಬದಲಿಸಲು ಬಿಸಿಗಾಳಿಯ ವಿಶೇಷ ಉಪಕರಣವೂ ಪಳಗಿದ ಕೈಯೂ ಬೇಕು. ಆಗ ಅಂಗಡಿಯವನು "ಬೋರ್ಡು ಹೋಗಿದೆ" ಎಂದರೆ ಒಪ್ಪಬಹುದು.