ಕಾಡುಹಾದಿಯ ಮೊದಲ ಟ್ರಯಥ್ಲಾನ್

ಈಜು, ಸೈಕಲ್ ಸವಾರಿ, ಓಟ ಎಂಬ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಯ ಹೆಸರನ್ನು ಈ ಸಂಚಿಕೆಯ ವಾಚಕರಲ್ಲಿ ಅನೇಕರು ಕೇಳಿರಬಹುದು. ಡಾಂಬರು ರಸ್ತೆಯನ್ನು ತೊರೆದು ಕಾಡು, ಗುಡ್ಡ, ಕಲ್ಲುಹಾದಿಗಳಲ್ಲಿ ನಡೆಯುವ ಅದರ ಇನ್ನೊಂದು ಪ್ರಕಾರವನ್ನು ಬಲ್ಲವರು ಮಾತ್ರ ನಮ್ಮಲ್ಲಿ ವಿರಳ. ವ್ಯಾಯಾಮ ಶಿಕ್ಷಕನಾಗಿಯೂ ನನಗದು ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ಅಮೆರಿಕದ ಪಶ್ಚಿಮ ತೀರದಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಭಾಗವಹಿಸಿದ ಇಂತಹ ಮೊದಲ ಸ್ಪರ್ಧೆಯನ್ನು ಕುರಿತು ನನಗೊಂದು ದೀರ್ಘ ಪತ್ರ ಬರೆದನು. ಕಡೆಯಿಂದ ಆರನೆಯವನಾಗಿ ಮುಗಿಸಿದನಂತೆ! ಆ ಪತ್ರ ಕೆರಳಿಸಿದ ಕುತೂಹಲದಿಂದ ಓದಿ ತಿಳಿದ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಟ್ರಯಥ್ಲಾನ್ ಎಂಬುದೇ ಹೊಸ ಕ್ರೀಡೆ. 1974ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ನಗರದ ಮಿಷನ್ ಬೇ ಎಂಬಲ್ಲಿ ಓಟಗಾರರ ಸಂಘವೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ 46 ಮಂದಿ ಪಾಲ್ಗೊಂಡರು. ಇಂದಿನ ಅರ್ಥದ ಟ್ರಯಥ್ಲಾನಿಗೆ ಅದೇ ಆರಂಭ. 1978ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಅತಿದೀರ್ಘವಾದ ‘ಐರನ್‌ಮ್ಯಾನ್’ ಸ್ಪರ್ಧೆ ನಡೆಯಿತು. ಹೊರಟವರು 15, ಮುಗಿಸಿದವರು 12. ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟದ ರೂಪದಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಅದೇ ಕಾಲಕ್ಕೆ ಬೇರೊಂದು ಹುಚ್ಚು ಬೆಳೆಯುತ್ತಿತ್ತು. 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಜಿಲ್ಲೆಯ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟಕ್ಕೆ ಸಾಗಿಸಿ, ಮಣ್ಣುಹಾದಿಯಲ್ಲಿ ಇಳಿಯುವ ಪಂದ್ಯವನ್ನು ಆಡತೊಡಗಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು ಒಂದೇ ಇಳಿತಕ್ಕೆ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ 1976ರಲ್ಲಿ ಆರಂಭವಾದ ಆ ಪಂದ್ಯಕ್ಕೆ ‘ರೀಪ್ಯಾಕ್’, ಅಂದರೆ ಮರುತುಂಬುವಿಕೆ, ಎಂದೇ ಹೆಸರಾಯಿತು. ಈ ಆಟದಿಂದ ಹುಟ್ಟಿದ್ದೇ ಇಂದಿನ ಮೌಂಟನ್ ಬೈಕ್.

ಈ ಎರಡು ಧಾರೆಗಳೂ 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಕೂಡಿದವು. ನೀರು ಮತ್ತು ನೆಲ ಎಂಬರ್ಥದ ‘ಅಕ್ವಾಟೆರಾ’ ಎಂಬ ಹೆಸರಿನಿಂದ ಆರಂಭವಾದ ಆ ಸ್ಪರ್ಧೆಯೇ ಆಮೇಲೆ ‘ಎಕ್ಸ್‌ಟೆರಾ’ ಎನಿಸಿತು. (ಒಂದು ಮೋಟಾರು ಗಾಡಿಗೂ ಮುಂದೆ ಅದೇ ಹೆಸರು ಬಂದಿತು, ವ್ಯಾಪಾರಕ್ಕೆ ಎಲ್ಲವೂ ಸರಕೇ.) ಸಮುದ್ರದಲ್ಲಿ 1.5 ಕಿ.ಮೀ. ಈಜು, ಹಾಲೆಆಕಲಾ ಎಂಬ ಜ್ವಾಲಾಮುಖಿ ಪರ್ವತದ ಕೆಳ ಇಳಿಜಾರಿನಲ್ಲಿ ಸುಮಾರು 30 ಕಿ.ಮೀ. ಸೈಕಲ್, ಬಳಿಕ ಸುಮಾರು 11 ಕಿ.ಮೀ. ಓಟ. ಪರ್ವತದ ಎತ್ತರ 3,055 ಮೀಟರ್. ಸ್ಪರ್ಧೆ ಅದರ ಪಾದದ ಸುತ್ತ ಮಾತ್ರ ನಡೆದರೂ ಹಾದಿಯೆಲ್ಲ ತಣಿದ ಲಾವಾದ ಚೂಪುಗಲ್ಲು. ಅದರ ಜೊತೆಗೆ ಮುಳ್ಳು. ಅಲ್ಲಿಯವರು ಕಿಯಾವೆ ಎನ್ನುವ ಆ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. 1828ರಲ್ಲಿ ಪಾದ್ರಿಯೊಬ್ಬರು ಹೊನೊಲುಲುವಿನಲ್ಲಿ ನೆಟ್ಟ ಸಸಿಯಿಂದ ದ್ವೀಪಗಳಿಗೆಲ್ಲ ಹರಡಿತು. ಬಳ್ಳಾರಿ ಜಾಲಿಯ ನಡುವೆ ಸೈಕಲ್ ಹೊಡೆದ ನಮ್ಮ ಹುಡುಗರಿಗೆ ಆ ಸ್ಪರ್ಧಾಳುಗಳ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಮೊದಲ ವರ್ಷ ಗೆದ್ದವರು ಡಾಂಬರು ರಸ್ತೆಯ ಟ್ರಯಥ್ಲಾನಿನಲ್ಲಿ ಹೆಸರು ಮಾಡಿದ್ದ ಜಿಮ್ಮಿ ರಿಚಿಟೆಲೋ. ನನಗೆ ಹೆಚ್ಚು ಬೋಧಪ್ರದವಾಗಿ ಕಂಡವರು 1998 ಮತ್ತು 1999ರಲ್ಲಿ ಗೆದ್ದ ನೆಡ್ ಓವರೆಂಡ್. 1955ರಲ್ಲಿ ಜನಿಸಿದ ಅವರು 1990ರಲ್ಲಿಯೇ ಮೌಂಟನ್ ಬೈಕಿನ ವಿಶ್ವವಿಜೇತರಾಗಿದ್ದವರು. ಈಜು ಅವರ ಬಲವಲ್ಲ. ನೀರಿನಿಂದ ಹಿಂದುಳಿದೇ ಹೊರಬಂದು, ನಲವತ್ತು ದಾಟಿದ ವಯಸ್ಸಿನಲ್ಲಿ, ಬೆಟ್ಟದ ಹಾದಿಯಲ್ಲಿ ಒಬ್ಬೊಬ್ಬರನ್ನೇ ಹಿಂದಿಕ್ಕಿದರು. ಸಮತಟ್ಟು ರಸ್ತೆಯಲ್ಲಿ ಕಾಲಿನ ಬಲಕ್ಕೆ ಸಲ್ಲುವ ಬೆಲೆ ಇಲ್ಲಿ ನೆಲದ ಪರಿಚಯಕ್ಕೆ ಸಲ್ಲುತ್ತದೆ. 2011ರಲ್ಲಿ ಅಂತಾರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟವೂ ಸ್ಪೇನಿನಲ್ಲಿ ಈ ಪ್ರಕಾರದ ವಿಶ್ವಸ್ಪರ್ಧೆಯನ್ನು ಆರಂಭಿಸಿತು. ಎಕ್ಸ್‌ಟೆರಾ ವಿಶ್ವಸ್ಪರ್ಧೆ 2022ರಲ್ಲಿ ಮಾವಿಯನ್ನು ಬಿಟ್ಟು ಇಟಲಿಯ ಮೊಲ್ವೆನೋಗೆ ಸಾಗಿತು.

ಇನ್ನು ಹೊಸಬನ ಪಾಡು. ನಮ್ಮ ವಿದ್ಯಾರ್ಥಿ ಹೊರಟದ್ದು ಇದರ ಅರ್ಧದಷ್ಟು ದೂರದ ಸ್ಪರ್ಧೆಗೆ: ಸರೋವರದಲ್ಲಿ 750 ಮೀಟರ್ ಈಜು, 15 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಶಾಲೆಯ ಹಿಂದಿನ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತ ಈಜು ತನಗೆ ಸಾಕೆಂದು ಆತ ನಂಬಿದ್ದನು. ಬಾವಿಗೆ ನಾಲ್ಕು ಗೋಡೆಗಳುಂಟು; ದಣಿದಾಗ ಹಿಡಿಯಲು ಮೆಟ್ಟಿಲುಂಟು. ಬಯಲು ನೀರಿನಲ್ಲಿ ಅವೆರಡೂ ಇಲ್ಲ. ನೂರಾರು ಜನ ಒಮ್ಮೆಗೇ ನುಗ್ಗುವಾಗ ಮುಖಕ್ಕೆ ಕಾಲು ತಗಲುತ್ತದೆ, ತಣ್ಣೀರು ಎದೆಗೆ ಸೋಕಿದೊಡನೆ ಉಸಿರು ತಾನಾಗಿ ಬಿರುಸಾಗುತ್ತದೆ, ಚಳಿಗೆಂದು ತೊಟ್ಟ ರಬ್ಬರು ಉಡುಪು ಎದೆಯನ್ನು ಬಿಗಿಯುತ್ತದೆ. ಉಸಿರನ್ನು ಪೂರ್ಣವಾಗಿ ಬಿಡದೆ ಮತ್ತೆ ಮತ್ತೆ ಎಳೆದುಕೊಳ್ಳುವುದರಿಂದ ಗಾಳಿ ಸಾಲದೆಂಬ ಭ್ರಮೆ ಹುಟ್ಟುತ್ತದೆ. ಅಲ್ಲಿಂದ ದಿಗಿಲಿಗೆ ಒಂದೇ ಹೆಜ್ಜೆ.

ಈ ದಿಗಿಲನ್ನು ಲಘುವಾಗಿ ಕಾಣತಕ್ಕದ್ದಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನುಗಳನ್ನು ವೈದ್ಯರು ಪರಿಶೀಲಿಸಿದಾಗ, ಸಾವು ಅಥವಾ ಹೃದಯಸ್ತಂಭನದ 135 ಪ್ರಕರಣಗಳು ಕಂಡುಬಂದವು. ಅವುಗಳಲ್ಲಿ 90 ಸಂಭವಿಸಿದ್ದು ಈಜಿನ ಭಾಗದಲ್ಲಿ. ಕಲ್ಲುಹಾದಿಯ ಇಳಿಜಾರನ್ನು ಕಂಡು ಹೆದರುವವರು ಬಹಳ. ಮೊದಲು ಎಚ್ಚರವಿರಬೇಕಾದದ್ದು ನೀರಿನಲ್ಲಿ. ಸೈಕಲ್ಲಿನಿಂದ ಇಳಿದು ನಿಲ್ಲಬಹುದು, ಓಟವನ್ನು ನಡಿಗೆಯಾಗಿಸಬಹುದು, ನೀರಿನ ನಡುವೆ ನಿಲ್ಲುವುದೆಲ್ಲಿ? ಆದಕಾರಣ ಹೊಸಬನು ಗುಂಪಿನ ಅಂಚಿನಲ್ಲಿ, ಉಳಿದವರು ಹೊರಟ ಮೇಲೆ ಹೊರಡುವುದು ಲೇಸು. ಹೊರಡುವ ಮೊದಲೇ ನೀರಿಗಿಳಿದು ಮುಖವನ್ನು ಒದ್ದೆಮಾಡಿಕೊಂಡು ಉಸಿರನ್ನು ಹದಗೊಳಿಸಿಕೊಳ್ಳಬೇಕು. ದಿಗಿಲು ಬಂದರೆ ಅಂಗಾತ ತಿರುಗಿ ತೇಲುತ್ತ, ಉಸಿರನ್ನು ನಿಧಾನವಾಗಿ ಹೊರಬಿಡುವುದೇ ಉಪಾಯ. ಕೈ ಎತ್ತಿದರೆ ಕಾವಲು ದೋಣಿ ಬರುತ್ತದೆ. ದೋಣಿಯನ್ನು ಹಿಡಿದು ಮುಂದೆ ಸಾಗದಿದ್ದರೆ ಸಾಕು, ಹಿಡಿದು ವಿಶ್ರಮಿಸಲು ನಿಯಮದ ಅಡ್ಡಿಯಿಲ್ಲ. ಈ ನಿಯಮವನ್ನು ಓದಿಕೊಂಡಿದ್ದುದೇ ತನ್ನನ್ನು ಉಳಿಸಿತೆಂದು ನಮ್ಮ ಹುಡುಗ ಬರೆದಿದ್ದಾನೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಕೈಕಾಲು ಸೋತು, ದೋಣಿಯನ್ನು ಹಿಡಿದು ಎರಡು ನಿಮಿಷ ತೇಲಿದನಂತೆ. ನಾಚಿಕೆಯಾಯಿತು ಎಂದೂ ಬರೆದಿದ್ದಾನೆ. ನಾಚಿಕೆಗೆ ಅಲ್ಲಿ ಕಾರಣವೇನೂ ನನಗೆ ಕಾಣಲಿಲ್ಲ.

ನೀರಿನಿಂದ ಬಂದವನು ಸೈಕಲ್ಲನ್ನು ಮುಟ್ಟುವ ಮೊದಲೇ ತಲೆಗವಚವನ್ನು ತೊಟ್ಟು ಪಟ್ಟಿ ಬಿಗಿದಿರಬೇಕು; ಆತುರದಲ್ಲಿ ಇದನ್ನು ಮರೆತು ದಂಡ ತೆತ್ತವರಿದ್ದಾರೆ. ಇನ್ನು ಹಾದಿಯ ವಿದ್ಯೆ. ಡಾಂಬರು ರಸ್ತೆಯ ಸಪೂರ ಟೈರಿಗೆ 80ರಿಂದ 100 ಪೌಂಡು ಗಾಳಿ ಹಿಡಿಸಿದರೆ, ಇಲ್ಲಿಯ ದಪ್ಪ ಟೈರಿಗೆ 25–30 ಪೌಂಡು ಸಾಕು. ಗಾಳಿ ಕಡಿಮೆಯಾದಷ್ಟೂ ಟೈರು ನೆಲಕ್ಕೆ ಒಡ್ಡಿಕೊಂಡು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ತೀರ ಕಡಿಮೆಯಾದರೆ ಕಲ್ಲಿಗೂ ಗಾಲಿಯ ಬಳೆಗೂ ನಡುವೆ ಸಿಕ್ಕಿ ಟ್ಯೂಬು ಹರಿಯುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುವುದು ನಮ್ಮೆಲ್ಲರ ಅಭ್ಯಾಸ. ಆದರೆ ಸಡಿಲ ಮಣ್ಣಿನಲ್ಲಿ ಹಾಗೆ ನಿಂತರೆ ಹಿಂದಿನ ಗಾಲಿಯ ಮೇಲಿನ ಭಾರ ತಪ್ಪಿ ಅದು ಇದ್ದಲ್ಲೇ ತಿರುಗತೊಡಗುತ್ತದೆ. ಕುಳಿತೇ ಮುಂದಕ್ಕೆ ಬಾಗಿ, ಏರು ಬರುವ ಮೊದಲೇ ಹಗುರ ಗೇರಿಗೆ ಬದಲಿಸಿಕೊಳ್ಳಬೇಕು. ಇಳಿಜಾರಿನಲ್ಲಿ ಪೆಡಲುಗಳನ್ನು ಸಮನಾಗಿ ಹಿಡಿದು ಮೈಯನ್ನು ಹಿಂದಕ್ಕೆ ಸರಿಸುವುದು, ತಿರುವಿಗೆ ಮೊದಲೇ ಬ್ರೇಕು ಹಿಡಿಯುವುದು. ದೃಷ್ಟಿ ತಪ್ಪಿಸಬೇಕಾದ ಕಲ್ಲಿನ ಮೇಲಿರದೆ, ಹೋಗಬೇಕಾದ ಹಾದಿಯ ಮೇಲಿರಬೇಕು. ಕಣ್ಣು ನೆಟ್ಟಲ್ಲಿಗೇ ಗಾಲಿ ಹೋಗುತ್ತದೆಂಬುದು ಈ ಸವಾರರ ಅನುಭವ.

ಏರಲಾಗದ ಕಡೆ ಇಳಿದು ಸೈಕಲ್ಲನ್ನು ತಳ್ಳುವುದಕ್ಕೂ ಹೊರುವುದಕ್ಕೂ ಅನುಮತಿಯಿದೆ. ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕೆಟ್ಟರೆ ಹೊರಗಿನವರ ನೆರವಿಲ್ಲದೆ ತಾನೇ ಸರಿಪಡಿಸಿಕೊಳ್ಳಬೇಕು. ಅನುಭವಿಗಳು ಈಗ ಟ್ಯೂಬಿಲ್ಲದ ಟೈರಿನೊಳಗೆ ರಬ್ಬರು ಹಾಲಿನಂತಹ ದ್ರವವನ್ನು ಹಾಕಿರುತ್ತಾರೆ. ಮುಳ್ಳು ನೆಟ್ಟ ಸಣ್ಣ ರಂಧ್ರವನ್ನು ಅದು ತಾನೇ ಮುಚ್ಚುತ್ತದೆ. ನಮ್ಮವನ ಸೈಕಲ್ಲಿನಲ್ಲಿದ್ದುದು ಟ್ಯೂಬು. ಎಂಟನೆಯ ಕಿಲೋಮೀಟರಿನಲ್ಲಿ ಗಾಳಿ ಇಳಿಯಿತು. ಟೈರಿನಿಂದ ಕಿತ್ತ ಮುಳ್ಳನ್ನು ನೋಡಿದರೆ ನಮ್ಮ ಹೊಲದ ಬದುಗಳ ನೆಗ್ಗಿಲು! ಅದೇ ಗಿಡ ಕ್ಯಾಲಿಫೋರ್ನಿಯಾದಲ್ಲಿಯೂ ಕಳೆಯಾಗಿ ಹಬ್ಬಿದೆ. ಪ್ರಸಾದ ನಿಲಯದ ಸೈಕಲ್ಲುಗಳಿಗೆ ಪಂಚರ್ ಹಾಕಿ ಪಳಗಿದ ಕೈ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿತಂತೆ. ಪಕ್ಕದಲ್ಲಿ ಬಹು ಬೆಲೆಯ ಸೈಕಲ್ಲಿನವನೊಬ್ಬ ಟೈರು ಬಿಚ್ಚಲು ತಿಳಿಯದೆ ಕುಳಿತಿದ್ದನು. ಸಹಸ್ಪರ್ಧಿಗಳು ಪರಸ್ಪರ ನೆರವಾಗುವುದಕ್ಕೆ ಅಲ್ಲಿ ಅವಕಾಶವಿದ್ದುದರಿಂದ ಅವನದನ್ನೂ ಸರಿಪಡಿಸಿ ಹೊರಟನಂತೆ. ಪತ್ರದಲ್ಲಿ ಇದಕ್ಕೆ ಒಂದೇ ವಾಕ್ಯ. ನನಗೆ ಇದೇ ಮುಖ್ಯವೆನಿಸಿತು.

ಓಟದ ವಿಷಯವಾಗಿ ಹೆಚ್ಚು ಬರೆಯಬೇಕಾಗಿಲ್ಲ. ಸೈಕಲ್ಲಿನಿಂದ ಇಳಿದವನ ಕಾಲು ಮೊದಲ ಕಿಲೋಮೀಟರಿನಲ್ಲಿ ಮರದ ಕೊರಡಿನಂತಿರುತ್ತದೆ. ಸುತ್ತಿ ಸುತ್ತಿ ತುಳಿದ ಸ್ನಾಯುಗಳು ನೆಲವನ್ನು ಒದೆಯುವ ಬೇರೆ ಕೆಲಸಕ್ಕೆ ಹೊಂದಲು ಸಮಯ ಬೇಕು. ಅಭ್ಯಾಸದ ದಿನಗಳಲ್ಲಿಯೇ ಸವಾರಿ ಮುಗಿದೊಡನೆ ಹತ್ತು ನಿಮಿಷ ಓಡುವುದನ್ನು ರೂಢಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಗ್ಗುತ್ತದೆ. ಬಾಯಾರಿಕೆಗೆ ಮೀರಿ ನೀರು ಕುಡಿಯುವುದೂ ಅಪಾಯವೆಂಬುದನ್ನು ಮಾತ್ರ ಸೇರಿಸುತ್ತೇನೆ. ರಕ್ತದ ಉಪ್ಪಿನಂಶ ತೀರ ತಗ್ಗಿ ಪ್ರಜ್ಞೆ ತಪ್ಪಿದವರುಂಟು.

ಸ್ಪರ್ಧೆಗೆ ನಾಲ್ಕು ತಿಂಗಳ ಮುಂಚೆ ಸಿದ್ಧನಾಗತೊಡಗಿದವನು ಆ ಅವಧಿಯಲ್ಲಿ ಸರೋವರಕ್ಕೆ ಇಳಿದದ್ದು ಎರಡೇ ಸಲ. ಸೈಕಲ್ಲಿಗೆ ತಿಂಗಳ ಸಂಬಳ ಸುರಿದು, ಈಜಿಗೆ ಗುರುವನ್ನು ಹುಡುಕಲಿಲ್ಲವೆಂದು ಆತನೇ ಬರೆದಿದ್ದಾನೆ. ಈ ಮಾತು ದೂರದ ಒಬ್ಬ ತರುಣನದಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ಕೆರೆ, ಕೃಷಿಹೊಂಡ, ಕಾಲುವೆಗಳ ಬಳಿ ಬೇಸಿಗೆ ರಜೆಯಲ್ಲಿ ನಡೆಯುವ ದುರಂತಗಳನ್ನು ಪ್ರತಿ ವರ್ಷವೂ ಪತ್ರಿಕೆಯಲ್ಲಿ ಓದುತ್ತೇವೆ. ಆ ಮಕ್ಕಳು ಯಾವ ಸ್ಪರ್ಧೆಗೂ ಹೊರಟವರಲ್ಲ.

ಪತ್ರದ ಕೊನೆಗೆ, ಶರಣು ಶರಣಾರ್ಥಿಗೆ ಮೊದಲು, ಆತ ಕೇಳಿದ್ದಾನೆ: “ಗುರುಗಳೇ, ಬಾವಿಯಲ್ಲಿ ಈಗಲೂ ಹುಡುಗರಿಗೆ ಈಜು ಕಲಿಸುತ್ತೀರಾ?” ಮಕ್ಕಳು ಬೀಳಬಾರದೆಂದು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಹನ್ನೊಂದು ವರ್ಷಗಳಾದವು. ಅದು ಸರಿಯಾದ ಕ್ರಮವೇ. ಅದರ ಬದಲಿಗೆ ಆಳವಿಲ್ಲದ, ಗೋಡೆ ಕಟ್ಟಿದ ಒಂದು ಕೊಳವನ್ನೂ ಈಜು ಬಲ್ಲ ಒಬ್ಬ ಶಿಕ್ಷಕರನ್ನೂ ಒದಗಿಸುವ ಆಲೋಚನೆ ಎರಡು ಸಲ ಆಡಳಿತ ಮಂಡಳಿಯ ಮುಂದೆ ಬಂದು, ಹಣದ ಅಭಾವದಿಂದ ಮುಂದಕ್ಕೆ ಹೋಗಿದೆ. ಹಾಗೆಂದೇ ಆತನಿಗೆ ಉತ್ತರ ಬರೆದಿದ್ದೇನೆ. ಮುಂದಿನ ಆಗಸ್ಟ್‌ನಲ್ಲಿ ಅದೇ ಸರೋವರದ ಸ್ಪರ್ಧೆಗೆ ಮತ್ತೆ ಹೆಸರು ಕೊಟ್ಟಿದ್ದಾನಂತೆ. ಈ ಸಲ ವಾರಕ್ಕೆ ಮೂರು ದಿನ ನೀರಿಗಿಳಿಯುತ್ತಿದ್ದಾನೆ.